ಬಲವಿಜ್ಞಾನದ ಪಾಠವೂ ಐದು ಕಲ್ಲಿನ ಆಟವೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಈ ಸಂಚಿಕೆಯನ್ನು ಕೈಗೆತ್ತಿಕೊಂಡೊಡನೆ ಮೊದಲು ಭಾವಚಿತ್ರಗಳ ಪುಟಗಳನ್ನು ತಿರುವಿ, ತಮ್ಮ ತರಗತಿಯ ಸಾಲಿನಲ್ಲಿ ತಾವು ಎಲ್ಲಿ ನಿಂತಿರುವೆವೆಂದು ಹುಡುಕುವರೆಂಬುದನ್ನು ನಾವು ಬಲ್ಲೆವು. ಅದು ಮುಗಿದ ಮೇಲೆ ಬಿಡುವಿದ್ದರೆ ಈ ಪಾಠವನ್ನೂ ಓದಬೇಕೆಂದು ಬೇಡುತ್ತೇವೆ. ಭೌತಶಾಸ್ತ್ರವೆಂಬ ಹೆಸರು ಕಿವಿಗೆ ಬಿದ್ದ ಮಾತ್ರಕ್ಕೆ ಪುಟ ಮಗುಚುವವರು ಅವರಲ್ಲಿ ಅನೇಕರಿರುವರು. ಈಗ ಅವರ ಹೆಣ್ಣುಮಕ್ಕಳು ಅದೇ ಪಾಠದ ಮುಂದೆ ಕುಳಿತು ಕಣ್ಣೀರಿಡುತ್ತಿರುವುದರಿಂದ, ವಿಶೇಷವಾಗಿ ಅಂಥವರಿಗಾಗಿಯೇ ಇದನ್ನು ಬರೆದಿದ್ದೇವೆ.

ವಸ್ತುಗಳ ಚಲನೆಯನ್ನೂ, ಆ ಚಲನೆಯನ್ನು ಬದಲಿಸುವ ಬಲಗಳನ್ನೂ ವಿಚಾರಿಸುವ ಶಾಸ್ತ್ರಭಾಗಕ್ಕೆ ಬಲವಿಜ್ಞಾನವೆಂದು ಹೆಸರು. ಕಾಲೇಜಿನಲ್ಲಿ ಇದನ್ನೇ ಮೆಕ್ಯಾನಿಕ್ಸ್ ಎನ್ನುವರು. ಕೆಲವು ವರ್ಷಗಳಿಂದ ನಡೆದುಬಂದಿರುವ ಪಠ್ಯಕ್ರಮದಲ್ಲಿ ಚಲನೆ, ಬಲ, ಗುರುತ್ವ, ಕೆಲಸ ಎಂಬ ಅಧ್ಯಾಯಗಳೆಲ್ಲವೂ 9ನೆಯ ತರಗತಿಗೆ ಬಂದಿವೆ. 10ನೆಯ ತರಗತಿಯ ಭೌತಶಾಸ್ತ್ರವೆಂದರೆ ಬೆಳಕು, ವಿದ್ಯುತ್ತು, ಅಯಸ್ಕಾಂತ. ಹೀಗಿರಲಾಗಿ, 9ರಲ್ಲಿ ಬಲವಿಜ್ಞಾನವು ತಿಳಿಯದೆ ಹೋದ ಹುಡುಗಿಯು ಹೇಗೋ ಮುಂದಿನ ತರಗತಿಗೆ ದಾಟಿ, ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನೇ ಪಡೆಯಬಹುದು. ತನಗೆ ವಿಜ್ಞಾನವು ಬರುತ್ತದೆಂದು ಅವಳೂ ನಂಬುವಳು, ತಂದೆತಾಯಿಗಳೂ ನಂಬುವರು. ಪಿ.ಯು.ಸಿ.ಯ ಮೊದಲನೆಯ ವರ್ಷದಲ್ಲಿ ಆ ಹಳೆಯ ಸಾಲವು ಬಡ್ಡಿಸಮೇತವಾಗಿ ಎದುರು ನಿಲ್ಲುತ್ತದೆ. ಕನ್ನಡದಲ್ಲಿ ಕಲಿತವಳಿಗೆ ಅದು ಇಂಗ್ಲಿಷಿನಲ್ಲಿ ಬಂದು ನಿಲ್ಲುತ್ತದೆ. ಎಷ್ಟೋ ಮಂದಿ ಬುದ್ಧಿವಂತೆಯರು ಆ ವರ್ಷದಲ್ಲಿಯೇ ವಿಜ್ಞಾನವನ್ನು ಬಿಟ್ಟು ಹೋದುದನ್ನು ನಾವು ನೋಡಿದ್ದೇವೆ.

ಕೆಲವು ವರ್ಷಗಳ ಕೆಳಗೆ ಶಾಗ್ಯದಿಂದ ಬಂದ ಒಬ್ಬ ಹುಡುಗಿಯು ನಮ್ಮ ಬೋರ್ಡಿಂಗಿನಲ್ಲಿದ್ದಳು. ಶಾಗ್ಯವು ಹನೂರು ತಾಲ್ಲೂಕಿನ ಗ್ರಾಮ. ಆ ಸೀಮೆಯನ್ನೊಳಗೊಂಡ ಕೊಳ್ಳೇಗಾಲವು 1956ರ ವರೆಗೆ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1997ರಿಂದ ಅದೆಲ್ಲವೂ ಚಾಮರಾಜನಗರ ಜಿಲ್ಲೆಯಾಗಿದೆ. ಹುಡುಗಿಯ ಅಕ್ಷರವು ದುಂಡಗೆ, ಕನ್ನಡ ಪ್ರಬಂಧವು ಸೊಗಸು, ಗಣಿತವು ತಕ್ಕಮಟ್ಟಿಗೆ. ಆದರೆ ಬಲ ಮತ್ತು ಚಲನೆಯ ಘಟಕ ಪರೀಕ್ಷೆಯಲ್ಲಿ ಆಕೆಗೆ 25ಕ್ಕೆ 6 ಅಂಕಗಳು ಬಂದುವು. ಸೂತ್ರಗಳು ನೆನಪಿಲ್ಲವೆಂದು ಭಾವಿಸಿ ನಾವು ಮೂರು ಸಮೀಕರಣಗಳನ್ನೂ ಹತ್ತು ಹತ್ತು ಸಲ ಬರೆಯಿಸಿ, ಬೆಳಗಿನ ಹೊತ್ತು ಬಾಯಿಪಾಠ ಒಪ್ಪಿಸಿಕೊಂಡೆವು. ಮುಂದಿನ ಪರೀಕ್ಷೆಯಲ್ಲಿ 5 ಬಂದುವು. ಉತ್ತರಪತ್ರಿಕೆಯಲ್ಲಿ ಸೂತ್ರವು ಒಂದಕ್ಷರವೂ ತಪ್ಪದೆ ಇತ್ತು. ಅದರ ಕೆಳಗೆ ಲೆಕ್ಕದಲ್ಲಿ ಕಂಡ ಅಂಕಿಗಳನ್ನು ಚೀಲಕ್ಕೆ ತುಂಬುವಂತೆ ತುಂಬಿದ್ದಳು.

ತಂದೆಯವರು ಬಂದರು. ಹಿಪ್ಪುನೇರಳೆಯ ತೋಟವನ್ನೂ ಹುಳುಮನೆಯನ್ನೂ ನಡೆಸುತ್ತಿದ್ದ ಮರ್ಯಾದಸ್ಥರು. ಬಹಳ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದು, “ಮೇಡಮ್ನೋರೇ, ಇವ್ಳ ತಲೆಗ ಈ ಲೆಕ್ಕ ಇಳಿಯಲ್ಲ ಕಣ್ರೀ. ಮುಂದಕ ಸೈನ್ಸು ಬ್ಯಾಡ. ಹತ್ತು ಆದ್ರ ಸಾಕು” ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಮಗಳು ಅಳುವುದನ್ನು ನೋಡಲಾರದ ಕಳವಳವಿತ್ತು. ಹುಡುಗಿಯು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. ಆಕೆಗೆ ನರ್ಸಿಂಗ್ ಓದಬೇಕೆಂಬ ಆಸೆಯಿದ್ದಿತು, ಅದಕ್ಕೆ ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ತೆಗೆದುಕೊಳ್ಳಬೇಕೆಂದು ಯಾರೋ ಹೇಳಿದ್ದರು. ದಸರಾ ರಜೆ ಕಳೆಯುವ ವರೆಗೆ ತಾಳಿರೆಂದು ತಂದೆಯವರನ್ನು ಬೇಡಿಕೊಂಡೆವು. ಹಾಗೆ ಬೇಡಿಕೊಳ್ಳುವಾಗ ಮುಂದೇನು ಮಾಡಬೇಕೆಂಬುದು ನಮಗೂ ತಿಳಿದಿರಲಿಲ್ಲ.

ಆ ರಜೆಯಲ್ಲಿ ಮಕ್ಕಳ ಮನೆಗಳನ್ನು ಕಂಡುಬರುವುದಕ್ಕೆ ಹೋದಾಗ ಶಾಗ್ಯಕ್ಕೂ ಹೋದೆವು. ಮನೆಯ ಜಗಲಿಯ ಮೇಲೆ ನಮ್ಮ ಹುಡುಗಿಯು ಚಿಕ್ಕಪ್ಪನ ಮಕ್ಕಳೊಡನೆ ಐದು ಕಲ್ಲಿನ ಆಟವಾಡುತ್ತಿದ್ದಳು. ಒಂದು ಕಲ್ಲನ್ನು ಮೇಲಕ್ಕೆ ಚಿಮ್ಮಿ, ಅದು ಕೆಳಗೆ ಬರುವಷ್ಟರಲ್ಲಿ ನೆಲದ ಕಲ್ಲುಗಳನ್ನು ಬಾಚಿಕೊಂಡು, ಬೀಳುವ ಕಲ್ಲನ್ನು ಅದೇ ಕೈಯಲ್ಲಿ ಹಿಡಿಯುವ ಆಟವದು. ಹಳೆಯ ವಿದ್ಯಾರ್ಥಿನಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಆಕೆಯ ಕೈಚಳಕವು ನೋಡತಕ್ಕದ್ದಾಗಿತ್ತು: ಒಂದು ಕಲ್ಲನ್ನು ಎತ್ತಬೇಕಾದಾಗ ಗೇಣು ಎತ್ತರಕ್ಕೆ, ನಾಲ್ಕನ್ನೂ ಬಾಚಬೇಕಾದಾಗ ಎರಡು ಗೇಣು ಎತ್ತರಕ್ಕೆ ಚಿಮ್ಮುತ್ತಿದ್ದಳು. 25ಕ್ಕೆ 5 ಪಡೆದ ಹುಡುಗಿಯ ಕೈಗೆ ಬೀಳುವ ವಸ್ತುವಿನ ನಿಯಮವು ಚೆನ್ನಾಗಿ ತಿಳಿದಿತ್ತು.

ನಾವು ಜಗಲಿಯ ಮೇಲೆಯೇ ಕುಳಿತು ಕೇಳಿದೆವು: “ಏನಮ್ಮ, ಕಲ್ಲು ಮೇಲಕ್ಕೆ ಹೋಗುತ್ತಿರುವಾಗ ಅದರ ಮೇಲೆ ಯಾವ ಯಾವ ಬಲಗಳಿವೆ?”

“ನನ್ನ ಕೈಯ ಬಲ ಇದೆ, ಮಿಸ್.”

“ಕೈ ಇಲ್ಲಿಯೇ ಕೆಳಗೆ ಉಂಟಲ್ಲ?”

ಆಕೆಯು ಸ್ವಲ್ಪ ಯೋಚಿಸಿ, “ಕೈ ಕೊಟ್ಟ ಬಲ ಕಲ್ಲಿನ ಒಳಗೆ ಇರುತ್ತೆ, ಮಿಸ್. ಅದು ಖರ್ಚಾಗ್ತಾ ಖರ್ಚಾಗ್ತಾ ಹೋಗಿ, ಮುಗಿದ ಮೇಲೆ ಕಲ್ಲು ಬೀಳುತ್ತೆ” ಎಂದಳು.

ಎಲ್ಲ ತೊಡಕೂ ಈ ಒಂದು ಉತ್ತರದಲ್ಲಿತ್ತು. ವಾಚಕರು ನಗಬಾರದು. ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸಿನ ದೊಡ್ಡ ಪಂಡಿತನಾದ ಬುರಿದಾನನು ಹೆಚ್ಚುಕಡಿಮೆ ಇದನ್ನೇ ಹೇಳಿ, ಕಲ್ಲಿನೊಳಗೆ ಸೇರುವ ಆ ವಸ್ತುವಿಗೆ ಇಂಪೆಟಸ್ ಎಂದು ಹೆಸರಿಟ್ಟನು. ನಮ್ಮ ದೇಶದ ವೈಶೇಷಿಕರು ಎಸೆದ ವಸ್ತುವಿನಲ್ಲಿ ವೇಗವೆಂಬ ಸಂಸ್ಕಾರವು ನೆಲಸುವುದೆಂದು ವಾದಿಸಿದರು. ಗೆಲಿಲಿಯೋ ಕೂಡ ಪೀಸಾದಲ್ಲಿ ಚಿಕ್ಕ ವಯಸ್ಸಿನ ಅಧ್ಯಾಪಕನಾಗಿದ್ದಾಗ ಇದೇ ಬಗೆಯ ವಿಚಾರವನ್ನು ಬರೆದನು. ಅದನ್ನು ಬಿಟ್ಟು ಹೊರಬರುವುದಕ್ಕೆ ಅವನಿಗೆ ಹಲವು ವರ್ಷಗಳು ಹಿಡಿದುವು. ಹಾಗಿರುವಾಗ ಹದಿನಾಲ್ಕು ವರ್ಷದ ಹುಡುಗಿಯು ನಲವತ್ತು ನಿಮಿಷಗಳ ಒಂದು ಅವಧಿಯಲ್ಲಿ ಹೊರಬರಬೇಕೆಂದು ನಾವು ಬಯಸಿದ್ದೆವು!

ಈ ತಪ್ಪು ನಮ್ಮ ಸೀಮೆಗೆ ಮಾತ್ರ ಸೇರಿದುದೂ ಅಲ್ಲ. ಅಮೆರಿಕದ ಅರಿಜೋನಾದಲ್ಲಿ ಡೇವಿಡ್ ಹೆಸ್ಟನೆಸ್ ಎಂಬವರೂ ಅವರ ಜೊತೆಗಾರರೂ 1992ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ ಲೆಕ್ಕವೇ ಇಲ್ಲ. ಮೇಲಕ್ಕೆ ಎಸೆದ ಚೆಂಡಿನ ಮೇಲೆ ಯಾವ ಬಲವಿದೆ, ಲಾರಿಯೂ ಚಿಕ್ಕ ಕಾರೂ ಡಿಕ್ಕಿಯಾದಾಗ ಯಾವುದು ಯಾವುದನ್ನು ಹೆಚ್ಚಾಗಿ ನೂಕುತ್ತದೆ ಎಂಬಂಥ ಸರಳ ಪ್ರಶ್ನೆಗಳು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎರಿಕ್ ಮಜೂರ್ ಎಂಬ ಪ್ರಾಧ್ಯಾಪಕರು ಈ ಬಗೆಯ ಪ್ರಶ್ನೆಗಳನ್ನು ತಮ್ಮ ಶಿಷ್ಯರ ಮುಂದಿಟ್ಟಾಗ, ಅವರಲ್ಲಿ ಒಬ್ಬಳು, ತಾವು ಕಲಿಸಿದಂತೆ ಉತ್ತರಿಸಬೇಕೋ ಅಥವಾ ತಾನು ನಿಜವಾಗಿ ಯೋಚಿಸುವಂತೆ ಉತ್ತರಿಸಬೇಕೋ ಎಂದು ಕೇಳಿದಳಂತೆ. ಕಠಿಣವಾದ ಲೆಕ್ಕಗಳನ್ನು ಸೂತ್ರ ಹಾಕಿ ಬಿಡಿಸುವವರೂ ಈ ಸರಳ ಪ್ರಶ್ನೆಗಳಲ್ಲಿ ಮುಗ್ಗರಿಸಿದರು. ಮನಸ್ಸಿನೊಳಗೆ ಒಂದು ಬಲವಿಜ್ಞಾನ, ಪುಸ್ತಕದೊಳಗೆ ಮತ್ತೊಂದು. ಎರಡೂ ಪರಸ್ಪರ ಮಾತಾಡದೆ ಒಂದೇ ತಲೆಯಲ್ಲಿ ವಾಸವಾಗಿರುತ್ತವೆ.

ಮನಸ್ಸಿನೊಳಗಿನ ಶಾಸ್ತ್ರವು ಎಲ್ಲಿಂದ ಬಂತೆಂದರೆ, ಅನುಭವದಿಂದಲೇ ಬಂತು. ಎತ್ತು ಎಳೆದರೆ ಗಾಡಿ ಹೋಗುತ್ತದೆ, ಎತ್ತು ನಿಂತರೆ ಗಾಡಿ ನಿಲ್ಲುತ್ತದೆ. ಬೀಸುವ ಕಲ್ಲನ್ನು ತಿರುಗಿಸಿದಷ್ಟು ಹೊತ್ತು ತಿರುಗುತ್ತದೆ. ಆದುದರಿಂದ ಚಲನೆಯಿದ್ದಲ್ಲಿ ಬಲವಿರಲೇಬೇಕೆಂದು ಮಗುವು ಹುಟ್ಟಿದಂದಿನಿಂದ ಕಲಿತಿದೆ. ಆ ಅನುಭವದಲ್ಲಿ ಅಡಗಿರುವ ಒಬ್ಬ ಕಳ್ಳನನ್ನು ಮಾತ್ರ ಅದು ಕಂಡಿಲ್ಲ, ಅವನೇ ಘರ್ಷಣೆ. ಗಾಡಿಯನ್ನು ನಿಲ್ಲಿಸುವುದು ಬಲದ ಅಭಾವವಲ್ಲ, ಅಚ್ಚಿನಲ್ಲಿಯೂ ನೆಲದಲ್ಲಿಯೂ ಇರುವ ಘರ್ಷಣೆಯ ಬಲವೇ. ಅಚ್ಚಿಗೆ ಕೀಲೆಣ್ಣೆ ಹಾಕಿದ ಗಾಡಿಯು ಎತ್ತು ನಿಂತ ಮೇಲೂ ಸ್ವಲ್ಪ ಮುಂದೆ ಹೋಗಿ ಎತ್ತನ್ನು ಹಿಂದಿನಿಂದ ನೂಕುತ್ತದೆಂಬುದು ಗಾಡಿ ಹೊಡೆಯುವವರಿಗೆಲ್ಲ ಗೊತ್ತು. ಘರ್ಷಣೆಯನ್ನು ಕಡಿಮೆ ಮಾಡುತ್ತ ಹೋದರೆ ಗಾಡಿಯು ಹೋಗುತ್ತಲೇ ಇರುವುದು. 1687ರಲ್ಲಿ ನ್ಯೂಟನ್ ಬರೆದ ಮೊದಲನೆಯ ನಿಯಮದಲ್ಲಿ ಇರುವುದು ಇಷ್ಟೇ: ಬಲವು ಬೇಕಾದುದು ಚಲನೆಗಲ್ಲ, ಚಲನೆಯ ಬದಲಾವಣೆಗೆ.

ಈಗ ಜಗಲಿಗೆ ಹಿಂದಿರುಗೋಣ. ಕಲ್ಲು ಕೈಯನ್ನು ಬಿಟ್ಟ ಕ್ಷಣದಲ್ಲಿಯೇ ಕೈಯ ಬಲವು ಮುಗಿಯಿತು. ಕಲ್ಲಿಗೆ ಇರುವುದು ಮೇಲ್ಮುಖವಾದ ವೇಗ. ಬಲವಾದರೋ ಕೆಳಮುಖವಾದ ಗುರುತ್ವವೊಂದೇ. ಗಾಳಿಯ ತಡೆಯನ್ನು ಅಷ್ಟು ಚಿಕ್ಕ ಕಲ್ಲಿಗೆ, ಅಷ್ಟು ಕಡಿಮೆ ಎತ್ತರದಲ್ಲಿ ಬಿಟ್ಟುಬಿಡಬಹುದು. ಆ ಗುರುತ್ವವು ಪ್ರತಿ ಸೆಕೆಂಡಿಗೂ ವೇಗದಲ್ಲಿ ಸುಮಾರು 10 ಮೀಟರನ್ನು ಕಳೆಯುತ್ತದೆ, ಅಥವಾ ಕೆಳಕ್ಕೆ ಬರುವಾಗ ಕೂಡಿಸುತ್ತದೆ. ಹುಡುಗಿಯು ಎರಡು ಗೇಣು, ಎಂದರೆ ಸುಮಾರು 45 ಸೆಂಟಿಮೀಟರು, ಎತ್ತರಕ್ಕೆ ಚಿಮ್ಮಿದಳೆಂದು ಇಟ್ಟುಕೊಂಡರೆ ಕಲ್ಲು ಕೈ ಬಿಡುವಾಗ ಸೆಕೆಂಡಿಗೆ 3 ಮೀಟರು ವೇಗದಿಂದ ಹೊರಟಿರಬೇಕು, ಮೇಲೇರಲು 0.3 ಸೆಕೆಂಡು, ಇಳಿಯಲು 0.3 ಸೆಕೆಂಡು. ಆ 0.6 ಸೆಕೆಂಡಿನೊಳಗೆ ನಾಲ್ಕು ಕಲ್ಲುಗಳನ್ನು ಬಾಚಬೇಕು! “ಹೊತ್ತು ಸಾಲದೆ ಎರಡರಷ್ಟು ಬೇಕಾದರೆ ಎಷ್ಟು ಎತ್ತರಕ್ಕೆ ಚಿಮ್ಮುವೆ?” ಎಂದು ಕೇಳಿದಾಗ ಆಕೆಯು ಒಡನೆಯೇ, ಎರಡರಷ್ಟು ಎತ್ತರಕ್ಕೆ ಎಂದಳು. ಲೆಕ್ಕವು ಹಾಗೆ ಹೇಳುವುದಿಲ್ಲ. ನಾಲ್ಕರಷ್ಟು ಎತ್ತರ, ಎಂದರೆ 1.8 ಮೀಟರು ಬೇಕು. ಆಕೆಯು ನಂಬದೆ ಎದ್ದು ನಿಂತು ಚಿಮ್ಮಿ ನೋಡಿದಳು. ತಮ್ಮನು ಚಪ್ಪಾಳೆ ತಟ್ಟಿ ಎಣಿಸಿದನು. ಆಮೇಲೆ ತಾನಾಗಿಯೇ ಒಳಗೆ ಹೋಗಿ ನೋಟುಬುಕ್ಕನ್ನು ತಂದಳು.

ಮತ್ತೊಂದು ಪ್ರಶ್ನೆಯಲ್ಲಿ ಬಹು ಮಂದಿ ಬೀಳುವರು. ಕಲ್ಲು ತುತ್ತತುದಿಯಲ್ಲಿರುವಾಗ ಅದರ ವೇಗವೆಷ್ಟು? ಸೊನ್ನೆ. ವೇಗೋತ್ಕರ್ಷವೆಷ್ಟು? ಅದೂ ಸೊನ್ನೆಯೆಂದು ಹತ್ತರಲ್ಲಿ ಏಳೆಂಟು ಮಂದಿ ಬರೆಯುವುದು ನಮ್ಮ ಅನುಭವ. ಹಾಗಿದ್ದರೆ ಕಲ್ಲು ಅಲ್ಲಿಯೇ ತೂಗಿಕೊಂಡಿರಬೇಕಾಗಿತ್ತು, ಏಕೆಂದರೆ ವೇಗವಿಲ್ಲದ ವಸ್ತುವಿಗೆ ವೇಗವನ್ನು ಕೊಡುವವರೇ ಇಲ್ಲದಂತಾಗುವುದು. ಕಲ್ಲು ಕೆಳಗೆ ಬರುವುದರಿಂದಲೇ ತುದಿಯಲ್ಲಿಯೂ ಗುರುತ್ವವು ತನ್ನ ಕೆಲಸವನ್ನು ಬಿಟ್ಟಿಲ್ಲವೆಂದು ತಿಳಿಯಬೇಕು.

ಇಲ್ಲಿ ನಮ್ಮ ಭಾಷೆಯ ವಿಷಯವಾಗಿ ಒಂದು ಮಾತನ್ನು ಹೇಳದೆ ಹೋಗಲಾರೆವು. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಶಬ್ದಗಳು ಮನೆಮಾತಿನಲ್ಲಿ ಹೆಚ್ಚುಕಡಿಮೆ ಒಂದೇ. ಕೈಯಲ್ಲಿ ಬಲವಿಲ್ಲ ಎಂದರೂ ಶಕ್ತಿಯಿಲ್ಲ ಎಂದರೂ ಅಜ್ಜಿಗೆ ಒಂದೇ ಅರ್ಥ. ಶಾಸ್ತ್ರದಲ್ಲಿ ಬಲವೆಂದರೆ ನೂಕು ಅಥವಾ ಎಳೆತ. ಶಕ್ತಿಯೆಂದರೆ ಕೆಲಸಮಾಡುವ ಯೋಗ್ಯತೆ. ಸಾಮರ್ಥ್ಯವೆಂದರೆ ಒಂದು ಸೆಕೆಂಡಿಗೆ ಎಷ್ಟು ಕೆಲಸವೆಂಬ ಲೆಕ್ಕ. ಶಾಗ್ಯದ ಹುಡುಗಿಯು “ಕಲ್ಲಿನೊಳಗೆ ಬಲವಿದೆ” ಎಂದಾಗ ಆಕೆಯ ಮನಸ್ಸಿನಲ್ಲಿದ್ದ ವಸ್ತುವು ಪೂರಾ ಸುಳ್ಳಲ್ಲ. ಚಲಿಸುವ ಕಲ್ಲಿನಲ್ಲಿ ಚಲನಶಕ್ತಿಯೂ ಸಂವೇಗವೂ ನಿಜವಾಗಿ ಇವೆ. ಹೆಸರು ತಪ್ಪಿತ್ತು, ಹೆಸರು ತಪ್ಪಿದುದರಿಂದ ಲೆಕ್ಕವೂ ತಪ್ಪಿತು. ರಾಶಿಯೆಂಬ ಶಬ್ದವಂತೂ ರೈತರ ಮಕ್ಕಳಿಗೆ ಕಣದಲ್ಲಿ ಕೂಡಿಹಾಕಿದ ರಾಗಿಯನ್ನೇ ನೆನಪಿಗೆ ತರುವುದು. ಕೆಲಸವೆಂಬ ಶಬ್ದವು ಇನ್ನೂ ಅನ್ಯಾಯವಾದದ್ದು: ತಲೆಯ ಮೇಲೆ ಕೊಡವನ್ನು ಹೊತ್ತು ಸಮನೆಲದಲ್ಲಿ ಒಂದೇ ವೇಗದಿಂದ ಮೈಲಿ ದೂರ ನಡೆದವಳು ಕೊಡದ ಮೇಲೆ ಏನೂ ಕೆಲಸಮಾಡಲಿಲ್ಲವೆಂದು ಶಾಸ್ತ್ರವು ಹೇಳುತ್ತದೆ, ಏಕೆಂದರೆ ಆಕೆಯ ಬಲವು ಮೇಲಕ್ಕೆ, ನಡಿಗೆಯು ಮುಂದಕ್ಕೆ. ಇದನ್ನು ಕೇಳಿದ ಆ ಮನೆಯ ಅಜ್ಜಿಯು, ಹೇಳಿದವರು ಒಂದು ದಿನ ನೀರು ಹೊತ್ತು ನೋಡಲೆಂದರು. ದಣಿವು ಸ್ನಾಯುಗಳ ಒಳಗಿನ ವ್ಯವಹಾರವೆಂದು ನಾವು ಸಮಾಧಾನ ಹೇಳಿದೆವು. ಅವರು ಒಪ್ಪಿದಂತೆ ಕಾಣಲಿಲ್ಲ.

ವಿಜ್ಞಾನಕ್ಕೆ ಕನ್ನಡದಲ್ಲಿ ಶಬ್ದಗಳನ್ನು ಕಟ್ಟುವ ಶ್ರಮವು ಹೊಸದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಮಿತ್ರರೂ 1918ರಲ್ಲಿಯೇ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅವರಂಥವರು ಕಟ್ಟಿದ ಶಬ್ದಗಳನ್ನು ನಾವು ಇಂದು ಸುಲಭವಾಗಿ ಉಪಯೋಗಿಸುತ್ತೇವೆ, ಆದರೆ ಪಿ.ಯು.ಸಿ.ಯ ಬಾಗಿಲಲ್ಲಿ ಅವನ್ನೆಲ್ಲ ಒಮ್ಮೆಲೇ ಕಳಚಿಡಬೇಕಾಗುತ್ತದೆ. ಆದಕಾರಣ 9ನೆಯ ತರಗತಿಯಿಂದಲೇ ಒಂದು ಚಿಕ್ಕ ಪುಸ್ತಕದಲ್ಲಿ ಮೂರು ಸಾಲುಗಳನ್ನು ಗೀಟುಹಾಕಿ, ಒಂದರಲ್ಲಿ ಕನ್ನಡ ಶಬ್ದ, ಎರಡನೆಯದರಲ್ಲಿ ಇಂಗ್ಲಿಷ್ ಶಬ್ದ, ಮೂರನೆಯದರಲ್ಲಿ ಸ್ವಂತ ಊರಿನ ಒಂದು ಉದಾಹರಣೆಯನ್ನು ಬರೆದಿಡಬೇಕೆಂದು ನಾವು ಹೇಳುತ್ತ ಬಂದಿದ್ದೇವೆ. ವೇಗೋತ್ಕರ್ಷ, ಆಕ್ಸೆಲರೇಷನ್, ತಾಳಬೆಟ್ಟದ ಏರಿನಲ್ಲಿ ಬಸ್ಸು ನಿಧಾನವಾಗುವುದು. ಮೂರನೆಯ ಸಾಲು ಇಲ್ಲದಿದ್ದರೆ ಮೊದಲಿನ ಎರಡೂ ಗಿಳಿಪಾಠವೇ.

ಇನ್ನು ಲೆಕ್ಕ ಮಾಡುವ ಕ್ರಮ. ಸೂತ್ರವನ್ನು ಕೊನೆಗೆ ಬರೆಯಿರಿ ಎಂಬುದೇ ನಮ್ಮ ಮುಖ್ಯವಾದ ಬುದ್ಧಿವಾದ. ಮೊದಲು ಲೆಕ್ಕವನ್ನು ಓದಿ, ಪುಸ್ತಕವನ್ನು ಮುಚ್ಚಿ, ಏನು ನಡೆಯುತ್ತಿದೆಯೆಂದು ತಂಗಿಗೆ ಹೇಳುವಂತೆ ಬಾಯಲ್ಲಿ ಹೇಳಬೇಕು. ಅನಂತರ ಚಿತ್ರ. ಆ ಚಿತ್ರದಲ್ಲಿ ನಾವು ವಿಚಾರಿಸಬೇಕಾದ ಒಂದೇ ಒಂದು ವಸ್ತುವನ್ನು ಬೇರೆಯಾಗಿ ತೆಗೆದು ಚೌಕದಂತೆ ಬರೆದು, ಅದರ ಮೇಲೆ ಬೀಳುವ ಬಲಗಳನ್ನು ಬಾಣಗಳಿಂದ ಗುರುತಿಸಬೇಕು. ಪ್ರತಿಯೊಂದು ಬಾಣದ ಪಕ್ಕದಲ್ಲಿಯೂ ‘ಯಾವುದು ಇದನ್ನು ನೂಕುತ್ತಿದೆ’ ಎಂದು ಬರೆಯಬೇಕು: ಭೂಮಿಯು ಕೊಡವನ್ನು ಎಳೆಯುತ್ತದೆ, ಹಗ್ಗವು ಕೊಡವನ್ನು ಎಳೆಯುತ್ತದೆ. ನೂಕುವವರ ಹೆಸರನ್ನು ಬರೆಯಲಾರದ ಬಾಣವನ್ನು ಅಳಿಸಿಹಾಕಬೇಕು. ಈ ಒಂದು ಕಟ್ಟುಪಾಡಿನಿಂದ ‘ಕಲ್ಲಿನೊಳಗಿನ ಬಲ’ವು ತಾನಾಗಿಯೇ ಮಾಯವಾಗುತ್ತದೆ, ಏಕೆಂದರೆ ಅದನ್ನು ನೂಕುವವರು ಯಾರೂ ಇಲ್ಲ. ಇಷ್ಟು ಮಾಡಿ ಆದಮೇಲೆ ಯಾವ ದಿಕ್ಕು ಧನ, ಯಾವ ದಿಕ್ಕು ಋಣವೆಂದು ಗೊತ್ತುಮಾಡಿ, ಆಮೇಲೆ ಸೂತ್ರ.

ಸೇದುವ ಬಾವಿಯ ಕೊಡವನ್ನು ಹೀಗೆ ಬರೆದು ನೋಡಿರಿ. 12 ಕಿಲೋಗ್ರಾಂ ಕೊಡವು ರಾಟೆಯ ಹಗ್ಗದಲ್ಲಿ ಒಂದೇ ವೇಗದಿಂದ ಮೇಲೇರುತ್ತಿದೆ. ಕೆಳಕ್ಕೆ ಸುಮಾರು 120 ನ್ಯೂಟನ್. ಮೇಲಕ್ಕೆ ಹಗ್ಗದ ಎಳೆತವೆಷ್ಟು? ಏರುತ್ತಿರುವುದರಿಂದ 120ಕ್ಕಿಂತ ಹೆಚ್ಚಿರಬೇಕೆಂದು ಮನಸ್ಸಿನೊಳಗಿನ ಶಾಸ್ತ್ರವು ಹೇಳುವುದು. ಸರಿಯಾಗಿ 120 ಎಂದು ನ್ಯೂಟನ್ ಹೇಳುವನು, ಏಕೆಂದರೆ ವೇಗವು ಬದಲಾಗುತ್ತಿಲ್ಲ. ಮೊದಲು ಹಗ್ಗವನ್ನು ಜಗ್ಗಿದಾಗ ಮಾತ್ರ ಕೈಗೆ ಹೆಚ್ಚು ಭಾರವೆನಿಸಿ, ಆಮೇಲೆ ಹಗುರಾಗುವುದನ್ನು ನೀರು ಸೇದಿದವರೆಲ್ಲರೂ ಬಲ್ಲರು.

ಗಾಡಿಯ ಗಂಟು ಇದಕ್ಕಿಂತ ಗಟ್ಟಿಯಾದುದು. ಎತ್ತು ಗಾಡಿಯನ್ನು ಎಷ್ಟು ಬಲದಿಂದ ಎಳೆಯುವುದೋ ಗಾಡಿಯೂ ಎತ್ತನ್ನು ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುವುದೆಂದು ಮೂರನೆಯ ನಿಯಮವು ಹೇಳುತ್ತದೆ. ಹಾಗಾದರೆ ಗಾಡಿ ಹೊರಡುವುದು ಹೇಗೆ? ಈ ಪ್ರಶ್ನೆಯನ್ನು ಕೇಳದ ತರಗತಿಯು ಪಾಠವನ್ನು ಕೇಳಿಲ್ಲವೆಂದೇ ನಾವು ತಿಳಿಯುತ್ತೇವೆ. ಉತ್ತರವು ಮತ್ತೆ ಬೇರೆ ಬೇರೆ ಚೌಕಗಳಲ್ಲಿದೆ. ಆ ಎರಡು ಬಲಗಳು ಒಂದೇ ವಸ್ತುವಿನ ಮೇಲೆ ಬೀಳುವುದಿಲ್ಲ. ಒಂದು ಗಾಡಿಯ ಚೌಕಕ್ಕೆ, ಮತ್ತೊಂದು ಎತ್ತಿನ ಚೌಕಕ್ಕೆ ಸೇರಿದುವು. ಗಾಡಿಯ ಚೌಕದಲ್ಲಿ ಮುಂದಕ್ಕೆ ಎತ್ತಿನ ಎಳೆತ, ಹಿಂದಕ್ಕೆ ಘರ್ಷಣೆ. ಮೊದಲನೆಯದು ಹೆಚ್ಚಾದರೆ ಗಾಡಿ ಹೊರಡುವುದು. ಎತ್ತಾದರೋ ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲವು ಎತ್ತನ್ನು ಮುಂದಕ್ಕೆ ನೂಕುತ್ತದೆ. ಕೆಸರಿನಲ್ಲಿ ಗೊರಸು ಜಾರಿದರೆ ಎಷ್ಟು ಬಲಶಾಲಿಯಾದ ಎತ್ತೂ ಗಾಡಿಯನ್ನು ಎಳೆಯಲಾರದು. ಎತ್ತನ್ನೂ ಗಾಡಿಯನ್ನೂ ಮುಂದಕ್ಕೆ ನೂಕುವುದು ಕೊನೆಗೆ ನೆಲವೇ ಎಂದು ಹೇಳಿದಾಗ ಮಕ್ಕಳು ಮೊದಲು ನಗುವರು, ಆಮೇಲೆ ಮೌನವಾಗುವರು. ಆ ಮೌನದಲ್ಲಿ ಪಾಠವು ಇಳಿಯುತ್ತದೆ.

ಹನೂರಿನಿಂದ ಮಲೆ ಮಹದೇಶ್ವರನ ಬೆಟ್ಟಕ್ಕೆ ಬಸ್ಸಿನಲ್ಲಿ ಹೋದವರು ತಾಳಬೆಟ್ಟದಿಂದ ಮುಂದಿನ ತಿರುವುಗಳನ್ನು ಮರೆತಿರಲಾರರು. ಬಸ್ಸು ಎಡಕ್ಕೆ ತಿರುಗಿದಾಗ ಸೀಟಿನ ಮೇಲಿನ ಕೈಚೀಲವು ಬಲಕ್ಕೆ ಜಾರುತ್ತದೆ. ಯಾರೋ ಅದನ್ನು ಹೊರಕ್ಕೆ ನೂಕಿದರೆಂದು ತೋರುವುದು. ರಸ್ತೆಯ ಬದಿಯಲ್ಲಿ ನಿಂತು ನೋಡುವವನಿಗೆ ಹಾಗೆ ಕಾಣುವುದಿಲ್ಲ: ಚೀಲವು ತನ್ನ ನೆಟ್ಟನೆಯ ದಾರಿಯಲ್ಲಿ ಹೋಗುತ್ತಿದೆ, ಬಸ್ಸು ಅದರ ಅಡಿಯಿಂದ ಎಡಕ್ಕೆ ಸರಿಯುತ್ತಿದೆ. ಅದೇ ಬಸ್ಸನ್ನು ಲೆಕ್ಕಕ್ಕೂ ತೆಗೆದುಕೊಳ್ಳಬಹುದು. ಸಮರಸ್ತೆಯಲ್ಲಿ ಗಂಟೆಗೆ 36 ಕಿಲೋಮೀಟರು ವೇಗದಲ್ಲಿರುವ ಬಸ್ಸು ಬ್ರೇಕು ಹಾಕಿ 20 ಮೀಟರಿನೊಳಗೆ ನಿಂತರೆ, ವೇಗವು ಸೆಕೆಂಡಿಗೆ 10 ಮೀಟರು, ವೇಗವು ಕುಗ್ಗುವ ಪ್ರಮಾಣವು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 2.5 ಮೀಟರು. ಅದೇ ಬ್ರೇಕಿನಿಂದ 72 ಕಿಲೋಮೀಟರು ವೇಗದ ಬಸ್ಸು ನಿಲ್ಲುವುದಕ್ಕೆ 40 ಅಲ್ಲ, 80 ಮೀಟರು ಬೇಕು. ನಮ್ಮ ಶಾಗ್ಯದ ಹುಡುಗಿಯು ಒಮ್ಮೆ ಈ ಲೆಕ್ಕದಲ್ಲಿ 36ನ್ನು ತಿರುಗುಮುರುಗಾಗಿ ಗುಣಿಸಿ, ಬಸ್ಸಿನ ವೇಗವು ಸೆಕೆಂಡಿಗೆ 129.6 ಮೀಟರೆಂದು ಬರೆದಳು. ಅದು ಗಂಟೆಗೆ 466 ಕಿಲೋಮೀಟರಿಗೂ ಮಿಕ್ಕಿತು. “ಈ ಬಸ್ಸಿಗೆ ನೀನು ಹತ್ತುವೆಯಾ?” ಎಂದು ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದೆವು. ಅಂದಿನಿಂದ ಆಕೆಯು ಪ್ರತಿಯೊಂದು ಉತ್ತರದ ಕೆಳಗೂ ‘ಹತ್ತಬಹುದು’ ಅಥವಾ ‘ಹತ್ತಲಾಗದು’ ಎಂದು ಬರೆಯತೊಡಗಿದಳು. ಬೇರೆ ಹುಡುಗಿಯರೂ ಅದನ್ನೇ ಹಿಡಿದರು.

ಪ್ರಯೋಗಗಳಿಗೆ ಉಪಕರಣಗಳಿಲ್ಲವೆಂಬ ದೂರು ಎಲ್ಲ ಕಡೆಯೂ ಉಂಟು. 1638ರಲ್ಲಿ ಅಚ್ಚಾದ ಗ್ರಂಥದಲ್ಲಿ ಗೆಲಿಲಿಯೋ ವರ್ಣಿಸಿರುವ ಉಪಕರಣವೆಂದರೆ ಸುಮಾರು 12 ಮೊಳ ಉದ್ದದ ಮರದ ತೊಲೆಯಲ್ಲಿ ಕೊರೆದ ಒಂದು ಗಾಡಿ, ಅದರಲ್ಲಿ ಉರುಳುವ ಕಂಚಿನ ಗುಂಡು, ಕಾಲವನ್ನು ಅಳೆಯಲು ಸಣ್ಣ ಧಾರೆಯಾಗಿ ಸುರಿಯುವ ನೀರು. ಆತನಲ್ಲಿ ಗಡಿಯಾರವೇ ಇರಲಿಲ್ಲ. ನಮ್ಮ ಹುಡುಗಿಯರು ಬಿದಿರಿನ ಸೀಳಿನಲ್ಲಿ ಗೋಲಿಯನ್ನು ಉರುಳಿಸಲು ನೋಡಿದರು. ಗೆಣ್ಣುಗಳು ಅಡ್ಡಬಂದು ಕೆಟ್ಟಿತು. ಆಮೇಲೆ ವಿದ್ಯುತ್ ತಂತಿ ಹಾಯಿಸುವ ಪ್ಲಾಸ್ಟಿಕ್ ಪಟ್ಟಿಯೊಂದು ಸಿಕ್ಕಿತು. ಒಂದು ತುದಿಯನ್ನು ಎರಡು ಇಂಚು ಎತ್ತಿ, ಗೋಲಿಯನ್ನು ಬಿಟ್ಟು, ಒಬ್ಬಳು ಸಮನಾಗಿ ತಾಳ ಹಾಕುತ್ತಿರಲು ಮತ್ತೊಬ್ಬಳು ತಾಳತಾಳಕ್ಕೂ ಗೋಲಿಯಿದ್ದ ಸ್ಥಳಕ್ಕೆ ಸೀಮೆಸುಣ್ಣದ ಗುರುತು ಹಾಕಿದಳು. ಒಂದು ತಾಳಕ್ಕೆ ಎಷ್ಟು ದೂರವೋ ಎರಡಕ್ಕೆ ಅದರ ನಾಲ್ಕರಷ್ಟು, ಮೂರಕ್ಕೆ ಒಂಬತ್ತರಷ್ಟಕ್ಕೆ ಹತ್ತಿರ ಬಂದಿತು. ಸರಿಯಾಗಿ ಒಂಬತ್ತು ಬರಲಿಲ್ಲ. ಏಕೆ ಬರಲಿಲ್ಲವೆಂಬ ಚರ್ಚೆಯು ಪ್ರಯೋಗಕ್ಕಿಂತ ಚೆನ್ನಾಗಿತ್ತು. ಐದು ಕಲ್ಲಿನ ಆಟದ ‘ನಾಲ್ಕರಷ್ಟು ಎತ್ತರ’ವೂ ಇದೂ ಒಂದೇ ನಿಯಮವೆಂದು ಮೊದಲು ಹೇಳಿದವಳು ಶಾಗ್ಯದವಳು.

ಬಲಗಳ ಬಾಣಗಳಲ್ಲಿ ಸಿಕ್ಕಿಕೊಂಡವಳಿಗೆ ಇನ್ನೊಂದು ದಾರಿಯೂ ಉಂಟು. ಅದು ಶಕ್ತಿಯ ಲೆಕ್ಕ. ನಮ್ಮ ನೆರೆಯ ಶಿವನಸಮುದ್ರದಲ್ಲಿ ಕಾವೇರಿಯು ಬೀಳುವುದನ್ನು ನೋಡಿದವರಿಗೆ ಇದು ಸುಲಭ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಆರಂಭವಾಗಿ 1902ರಲ್ಲಿ ನಡೆಯತೊಡಗಿದ ವಿದ್ಯುದಾಗಾರದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹೋಯಿತು. ನೀರು 100 ಮೀಟರು ಬೀಳುವುದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಂದು ಕಿಲೋಗ್ರಾಂ ನೀರಿನಿಂದ 1000 ಜೂಲ್ ಶಕ್ತಿ. ಸೆಕೆಂಡಿಗೆ ಒಂದು ಘನಮೀಟರು, ಎಂದರೆ 1000 ಕಿಲೋಗ್ರಾಂ ನೀರು ಬಿದ್ದರೆ ಹತ್ತು ಲಕ್ಷ ವಾಟ್. ಇಲ್ಲಿ ಎಷ್ಟು ಸೆಕೆಂಡು ಬಿತ್ತು, ಯಾವ ಕೊಳವೆಯಲ್ಲಿ ಬಾಗಿ ಬಂತು ಎಂಬುದೊಂದನ್ನೂ ಕೇಳಬೇಕಾಗಿಲ್ಲ. ಯಂತ್ರದಲ್ಲಿಯೂ ಕೊಳವೆಯಲ್ಲಿಯೂ ಒಂದಿಷ್ಟು ನಷ್ಟವಾಗುವುದು ನಿಜ.

ಪೋಷಕರಿಗೆ ಒಂದು ವಿಜ್ಞಾಪನೆ. ಹುಡುಗಿಯರಿಗೆ ಇದೆಲ್ಲ ಏಕೆಂದು ಕೇಳುವವರು ಈಗ ಕಡಿಮೆ. ಆದರೆ 25ಕ್ಕೆ 6 ಬಂದೊಡನೆ ‘ಇವಳಿಗೆ ಇದಲ್ಲ’ ಎನ್ನುವವರು ಇನ್ನೂ ಬಹಳ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ಅಮೆರಿಕದ ಮಿಚಿಗನ್ನಿನಲ್ಲಿ ಇಂಜಿನಿಯರಿಂಗ್ ಕಲಿತುಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಎಲ್ಲರ ಮಕ್ಕಳೂ ಅವರಂತಾಗಬೇಕೆಂದು ನಾವು ಹೇಳುತ್ತಿಲ್ಲ. ಅಂಕ ಕಡಿಮೆಯಾದಾಗ ಉತ್ತರಪತ್ರಿಕೆಯನ್ನು ತೆರೆದು, ಎಲ್ಲಿ ತಪ್ಪಿತು, ಏನೆಂದು ಯೋಚಿಸಿ ಹಾಗೆ ಬರೆದೆ ಎಂದು ಮಗಳನ್ನು ಕೇಳಬೇಕು. ಉತ್ತರವು ಅರ್ಥವಾಗದಿದ್ದರೂ ಕೇಳಬೇಕು. ಹೇಳುತ್ತ ಹೇಳುತ್ತ ಆಕೆಯೇ ತನ್ನ ತಪ್ಪನ್ನು ಹಿಡಿಯುವುದುಂಟು. ಶಾಗ್ಯದ ಆ ತಂದೆಯವರು ಹೀಗೆಯೇ ಹುಳುಮನೆಯಲ್ಲಿ ಸೊಪ್ಪು ಹಾಕುತ್ತ ಮಗಳ ಪಾಠವನ್ನು ಕೇಳುತ್ತಿದ್ದರಂತೆ. ಗಾಡಿಯ ಗಂಟಿನಲ್ಲಿ ಅವರು ಎತ್ತಿನ ಪಕ್ಷವನ್ನು ಹಿಡಿದು ಎರಡು ದಿನ ವಾದಿಸಿದರಂತೆ.

ಹುಡುಗಿಗೆ ಮುಂದಿನ ಪರೀಕ್ಷೆಯಲ್ಲಿ 11, ವರ್ಷದ ಕೊನೆಯಲ್ಲಿ 17 ಬಂದುವು. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನೇ ತೆಗೆದುಕೊಂಡಳು. ಮೊದಲನೆಯ ವರ್ಷ ತೀರ ಕಷ್ಟವಾಯಿತೆಂದೂ, ಧನ ಋಣ ಚಿಹ್ನೆಗಳಲ್ಲಿ ಈಗಲೂ ತಪ್ಪುವೆನೆಂದೂ ಬರೆದಿದ್ದಳು. ಅದೇ ಕಾಗದದ ಕೊನೆಯಲ್ಲಿ ನಮಗೇ ಒಂದು ಪ್ರಶ್ನೆಯನ್ನು ಹಾಕಿದ್ದಳು. ಅದನ್ನು ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡುತ್ತೇವೆ. ಚೌಕಗಳನ್ನು ಬರೆದು, ಬಾಣಗಳಿಗೆ ಹೆಸರಿಟ್ಟು ಬಿಡಿಸತಕ್ಕದ್ದು. ಕಾವೇರಿಯ ನಿಂತ ಮಡುವಿನಲ್ಲಿ ಒಂದು ಹರಿಗೋಲು ಅಲುಗಾಡದೆ ನಿಂತಿದೆ, ಹುಟ್ಟು ನೀರಿಗೆ ಬಿದ್ದು ತೇಲಿಹೋಗಿದೆ. ಒಳಗೆ 50 ಕಿಲೋಗ್ರಾಂ ತೂಕದ ಒಬ್ಬಳೂ, 5 ಕಿಲೋಗ್ರಾಂ ರಾಗಿಯ ಗಂಟೂ ಇವೆ. ಹರಿಗೋಲು 45 ಕಿಲೋಗ್ರಾಂ. ದಡವು ಆಕೆಯ ಮುಂದಿದೆ. ನೀರಿಗೆ ಕೈಯದ್ದದೆ, ರಾಗಿಯ ಗಂಟಿನಿಂದ ಆಕೆಯು ದಡದ ಕಡೆಗೆ ಹೊರಡುವುದು ಹೇಗೆ, ಗಂಟನ್ನು ಸೆಕೆಂಡಿಗೆ 4 ಮೀಟರು ವೇಗದಲ್ಲಿ ಎಸೆದರೆ ಹರಿಗೋಲು ಯಾವ ವೇಗದಿಂದ ಹೊರಡುವುದು, ಮತ್ತು ಸ್ವಲ್ಪ ಹೊತ್ತಿನ ಮೇಲೆ ಅದು ನಿಧಾನವಾಗುವುದೇಕೆ?